ಅರಸೀಕೆರೆ ಇಪ್ಪತ್ತನಾಲ್ಕನೇ ಕಲ್ಲು

"ಗಂಡನ ಹೆಸರು?"

ಚಿಕ್ಕಮ್ಮ ಬಾಯಿ ಬಿಡಲಿಲ್ಲ.

"ನಿನ್ನ ಹೆಸರು ಚಿಕ್ಕಮ್ಮ ಅಂದೆ, ಬರ್ಕೊಂಡೆ. ಗಂಡನ ಹೆಸರು ಹೇಳಮ್ಮ. ಹಿಂದೆ ಜನ ನಿಂತಿದಾರೆ."

ಹಿಂದೆ ಮೂವತ್ತು ಜನ ನಿಂತಿದ್ದರು. ಆಸ್ಪತ್ರೆಯ ಕಿಟಕಿ ಎಷ್ಟು ಕೆಳಗಿತ್ತೆಂದರೆ ಬಡವರು ಬಗ್ಗಿಯೇ ಮಾತಾಡಲಿ ಎಂದು ಯಾರೋ ಅಳೆದು ಕಟ್ಟಿಸಿದ ಹಾಗಿತ್ತು. ಒಳಗೆ ಕೂತ ಗುಮಾಸ್ತೆ ಶಾಂತಾದೇವಿ ಬೆಳಗಿನಿಂದ ಅದೇ ಐದಾರು ಪ್ರಶ್ನೆ ಕೇಳಿ ಕೇಳಿ ಸೋತಿದ್ದರು. ಕೆಟ್ಟ ಹೆಂಗಸಲ್ಲ. ಅವಸರದ ಹೆಂಗಸು.

ಮದುವೆಯಾಗಿ ಹದಿನಾರು ವರ್ಷವಾಗಿದ್ದರೂ ಗಂಡನ ಹೆಸರು ಚಿಕ್ಕಮ್ಮನ ನಾಲಿಗೆಗೆ ಬಂದಿರಲಿಲ್ಲ. ಹೆಸರು ಹಿಡಿದರೆ ಗಂಡನ ಆಯಸ್ಸು ಸವೆಯುತ್ತದೆ ಎಂದು ಚಿಕ್ಕಂದಿನಲ್ಲೇ ಅವಳವ್ವ ಹೇಳಿಕೊಟ್ಟಿದ್ದಳು. ಇಂಥ ಕಡೆ ಪಕ್ಕದಲ್ಲಿ ನಿಂತ ಹೆಂಗಸರು ಯಾರಾದರೂ ಹೇಳಿಬಿಡುತ್ತಾರೆ. ಅವತ್ತು ಅವಳ ಪಕ್ಕದಲ್ಲಿ ಯಾರೂ ನಿಂತಿರಲಿಲ್ಲ. ಅವಳ ಕೆಮ್ಮು ಕೇಳಿ ಎಲ್ಲರೂ ಎರಡು ಮಾರು ಹಿಂದೆ ಸರಿದಿದ್ದರು.

"ಹೋಗ್ಲಿ, ಯಾರ ಕಡೆಯೋಳಮ್ಮ ನೀನು?"

ಇದು ಗೊತ್ತಿದ್ದ ಪ್ರಶ್ನೆ. ಸಂತೆಯಲ್ಲಿ, ಬಸ್ಸಿನಲ್ಲಿ, ಹಿಟ್ಟಿನ ಮಿಲ್ಲಿನಲ್ಲಿ ಅವಳನ್ನು ಎಲ್ಲರೂ ಕೇಳುವುದು ಇದನ್ನೇ. ಚಿಕ್ಕಮ್ಮ ತಟ್ಟನೆ ಹೇಳಿದಳು. "ಷಡಕ್ಷರಪ್ಪೋರು ಕಣವ್ವ. ಅವ್ರ ತೋಟದಾಗೇ ನಾವು ಇರಾದು. ಜಾವಗಲ್ ರೋಡ್ನಾಗೆ."

ಶಾಂತಾದೇವಿ ಖಾಲಿ ಇದ್ದ ಕಡೆ ಬರೆದುಕೊಂಡರು. ವಯಸ್ಸು ಕೇಳಿದರು. ಚಿಕ್ಕಮ್ಮನಿಗೆ ಗೊತ್ತಿರಲಿಲ್ಲ. ಗುಮಾಸ್ತೆ ಮುಖ ನೋಡಿ ಐವತ್ತು ಎಂದು ಹಾಕಿದರು. ಅವಳಿಗೆ ಆಗ ಇನ್ನೂ ಮೂವತ್ತಾರು.

ಅದು ಬರೀ ಚೀಟಿಯಲ್ಲ, ಕ್ಷಯದ ಕಾರ್ಡು. ಹೋದ ವಾರ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿಯಲ್ಲಿ ಕಫ ತೆಗೆದುಕೊಂಡಿದ್ದರು. ಇವತ್ತು ಡಾಕ್ಟರು ಸುತ್ತಿಬಳಸದೆ ಹೇಳಿದ್ದರು. "ಆರು ತಿಂಗಳು ಮಾತ್ರೆ ನುಂಗಿದ್ರೆ ಉಳೀತೀಯ. ಇಲ್ಲದಿದ್ರೆ ಈ ವರ್ಷ ದಾಟೋದು ಕಷ್ಟ." ಮಾತ್ರೆ ಪುಕ್ಕಟೆ. ಆದರೆ ಕೊಡುವ ಮುಂಚೆ ಆಸ್ಪತ್ರೆಯವರು ಒಂದು ಸಲ ಮನೆಗೆ ಬಂದು ನೋಡಬೇಕು. ಅರ್ಧಕ್ಕೇ ಬಿಟ್ಟು ಹೋಗುವವರು ಜಾಸ್ತಿ ಎಂದು ಆ ಕಟ್ಟಳೆ.

"ಗುರುವಾರ ಬರ್ತಾರೆ. ಮನೇಲೇ ಇರು," ಎಂದರು ಶಾಂತಾದೇವಿ. "ನೀನು ಅಲ್ಲಿರೋದು ನಿಜ ಅಂತ ಅವರು ಕಾರ್ಡಲ್ಲಿ ಬರೀಬೇಕು. ಆಮೇಲೇ ಮಾತ್ರೆ."

"ಇರ್ದೆ ಎಲ್ಲಿಗೋಗ್ಲಿ ಕಣವ್ವ," ಎಂದಳು ಚಿಕ್ಕಮ್ಮ.

ಎರಡು ಸಾವಿರದ ಮೂರನೇ ಇಸವಿ. ಷಡಕ್ಷರಪ್ಪನ ತೋಟದಲ್ಲಿ ಅವರು ಇದ್ದು ಹನ್ನೊಂದು ವರ್ಷವಾಗಿತ್ತು. ಹಗರೆ ಕಡೆಯ ಊರಿನಲ್ಲಿ ಅವರ ಗುಡಿಸಲು ಬಿದ್ದ ಮೇಲೆ ಆ ಜಾಗದಲ್ಲಿ ಬೇರೆಯವರ ಹಿತ್ತಿಲು ಎದ್ದಿತ್ತು. ತವರಿನಲ್ಲಿ ಯಾರೂ ಉಳಿದಿರಲಿಲ್ಲ. ತೋಟದ ಮೂಲೆಯ ತಗಡಿನ ಕೊಟ್ಟಿಗೆಯೇ ಮನೆ. ಅರ್ಧದಲ್ಲಿ ಸಿಪ್ಪೆಯ ರಾಶಿ, ಇನ್ನರ್ಧದಲ್ಲಿ ಗಂಡ ಹೆಂಡತಿ.

ಕೆಲಸ ಕೊಬ್ಬರಿಯದು. ವರ್ಷವಿಡೀ ಅಟ್ಟದ ಮೇಲೆ ಒಣಗಿದ ತೆಂಗಿನಕಾಯಿಯನ್ನು ಕುಕ್ಕೆಯಲ್ಲಿ ಹೊತ್ತು ಇಳಿಸಬೇಕು. ನೆಲಕ್ಕೆ ನೆಟ್ಟ ಕಬ್ಬಿಣದ ಸಲಾಕೆಗೆ ಕುಟ್ಟಿ ಸಿಪ್ಪೆ ಬಿಡಿಸಬೇಕು. ಮಚ್ಚಿನ ಬೆನ್ನಿಂದ ಬಡಿದು ಕರಟ ಒಡೆಯಬೇಕು. ಒಳಗಿನ ಉಂಡೆಗೆ ಒಂದು ಗೀರು ಬೀಳಬಾರದು. ಕೈಗೆ ಬಿದ್ದರೆ ಯಾರೂ ಕೇಳುವುದಿಲ್ಲ. ಅಟ್ಟದ ದೂಳು ಮೂಗಿಗೆ, ಗಂಟಲಿಗೆ, ಮುದ್ದೆಗೆ ಬೀಳುತ್ತಿತ್ತು. ಮೊದಲು ದಿನಕ್ಕೆ ಐನೂರು ಕಾಯಿ ಸುಲಿಯುತ್ತಿದ್ದವಳು ಹೋದ ದೀಪಾವಳಿಯಿಂದ ನೂರಕ್ಕೇ ಕೂತುಬಿಡುತ್ತಿದ್ದಳು. ಕೂತಲ್ಲಿಯೇ ಕೆಮ್ಮು. ಕೆಮ್ಮಿದರೆ ಸೆರಗಿಗೆ ರಕ್ತ.

ಇಬ್ಬರಿಗೂ ರೇಷನ್ ಕಾರ್ಡಿರಲಿಲ್ಲ. ಒಂದು ಸಲ ಕೇಳಿದ್ದಕ್ಕೆ ಷಡಕ್ಷರಪ್ಪ ನಕ್ಕಿದ್ದ. "ಕಾರ್ಡ್ ಯಾಕ್ಲಾ, ನಾನಿಲ್ವೇನ್ಲಾ?" ಅವನ ಲೆಕ್ಕಾಚಾರವೇ ಬೇರೆ. ಒಂದು ಕಾಗದದಲ್ಲಿ ಇವರ ಹೆಸರು ತೋಟದ ವಿಳಾಸಕ್ಕೆ ಅಂಟಿಕೊಂಡರೆ ನಾಳೆ ಆ ಕೊಟ್ಟಿಗೆ ನಮ್ಮದು ಎಂದಾರು ಎಂಬ ದಿಗಿಲು. ಎರಡು ವರ್ಷದ ಹಿಂದೆ ಜನ ಎಣಿಸಲು ಮೇಷ್ಟರು ಬಂದಾಗ ಇವರಿಬ್ಬರನ್ನೂ ಅಟ್ಟಕ್ಕೆ ಹತ್ತಿಸಿ ಕಾಯಿ ಹೊರಳಿಸಲು ಹಚ್ಚಿದ್ದ. ಮೇಷ್ಟರು ಕೆಳಗಿದ್ದವರನ್ನು ಬರೆದುಕೊಂಡು ಹೋದರು. ದನ ಎಣಿಸಲು ಬಂದವರಿಗೆ ಮಾತ್ರ ಕರು ಸಮೇತ ಏಳನ್ನೂ ಬರೆಸಿದ. ಹಳೇಬೀಡಿನಲ್ಲಿ ಮೂಗು ಮುರಿದ ಕಲ್ಲಿಗೂ ಸರ್ಕಾರ ಒಂದು ನಂಬರು ಕೊಟ್ಟಿದೆ. ಚಿಕ್ಕಮ್ಮ ಯಾವ ಪುಸ್ತಕದಲ್ಲೂ ಇರಲಿಲ್ಲ.

ಗುರುವಾರ ಬೆಳಗ್ಗೆ ಅವಳು ಕೊಟ್ಟಿಗೆಯ ಮುಂದೆ ಸಗಣಿ ಸಾರಿಸಿದಳು. ತಲೆಗೆ ನೀರು ಹಾಕಿಕೊಂಡು ಇದ್ದುದರಲ್ಲಿ ಹರಿಯದ ಸೀರೆ ಉಟ್ಟಳು. ಕಫದ ಖಾಲಿ ಡಬ್ಬಿ ಇನ್ನೊಂದು ಕೊಟ್ಟಿದ್ದರು. ಗುರುತಿಗಿರಲಿ ಎಂದು ಅದನ್ನು ಬೇಲಿಯ ಗೂಟಕ್ಕೆ ಸಿಕ್ಕಿಸಿದಳು. ಹನ್ನೊಂದು ವರ್ಷದಲ್ಲಿ ಅವಳನ್ನೇ ಹುಡುಕಿಕೊಂಡು ಒಬ್ಬರು ಬರುತ್ತಿರುವುದು ಇದೇ ಮೊದಲು. ಅವಳಿಗೆ ಒಳಗೊಳಗೇ ಹಿಗ್ಗು.

ಹತ್ತು ಗಂಟೆಗೆ ಬೈಕು ಬಂತು. ಬಂದಿದ್ದು ಕೊಟ್ಟಿಗೆಗಲ್ಲ, ದೊಡ್ಡ ಮನೆಯ ಅಂಗಳಕ್ಕೆ. ಇಸ್ತ್ರಿ ಶರಟು, ಹೆಗಲಿಗೆ ಬ್ಯಾಗು ಹಾಕಿಕೊಂಡ ಹುಡುಗವಯಸ್ಸಿನವನು. ಕೊಟ್ಟಿಗೆಗೂ ಅಂಗಳಕ್ಕೂ ನಡುವೆ ಇದ್ದಿದ್ದು ಕೊಬ್ಬರಿ ಕಣವೊಂದೇ. ಎಲ್ಲ ಕೇಳುತ್ತಿತ್ತು.

"ಷಡಕ್ಷರಪ್ಪನವರ ಮನೆ ಇದೇನಾ ಸಾರ್? ಆಸ್ಪತ್ರೆಯಿಂದ ಬಂದಿದೀನಿ. ಚಿಕ್ಕಮ್ಮ ಅನ್ನೋರು ಇದಾರಾ? ಗಂಡ ಷಡಕ್ಷರಪ್ಪ ಅಂತ ಕಾರ್ಡಲ್ಲಿದೆ. ಅವರಿಗೆ ಟಿ.ಬಿ. ಇದೆ."

ಒಳಮನೆಯಲ್ಲಿ ಒಂದು ಹಿತ್ತಾಳೆ ಪಾತ್ರೆ ನೆಲಕ್ಕೆ ಬಿತ್ತು. ಷಡಕ್ಷರಪ್ಪನ ಹೆಂಡತಿ ಬಾಗಿಲಿಗೆ ಬಂದು ನಿಂತರು. ವಿಭೂತಿ ಇಟ್ಟ ಷಡಕ್ಷರಪ್ಪನ ಹಣೆ ಕಪ್ಪಿಟ್ಟಿತು. ಕಾರ್ಡು ಕಿತ್ತುಕೊಂಡು ಓದಿ ಹಿಂದಿರುಗಿಸಿದ. ಸಲಾಕೆಯ ಹತ್ತಿರ ಇದ್ದ ಚಿಕ್ಕಮ್ಮನ ಗಂಡ ಲಕ್ಕಪ್ಪನನ್ನು ಕರೆದು ಕಿವಿಯಲ್ಲಿ ಏನೋ ಹೇಳಿದ.

ಲಕ್ಕಪ್ಪ ಓಡಿ ಬಂದ. ಹೆಂಡತಿಯ ರಟ್ಟೆ ಹಿಡಿದು ಒಳಗೆ ನೂಕಿದ.

"ಏನ್ ಬರ್ಸಿ ಬಂದೆ ಮುಂಡೇದೆ? ಬುದ್ಧಿಯೋರ್ನ ಗಂಡ ಅಂತ ಬರ್ಸಿದೀಯಂತೆ!"

"ಅಯ್ಯೋ, ನಾನೆಲ್ಲಿ ಬರಿಸ್ದೆ? ಯಾರ ಕಡೆಯೋಳು ಅಂದ್ರು. ಹೇಳ್ದೆ. ನಿನ್ ಹೆಸ್ರ ನಾನೆಂಗಯ್ಯ ಹೇಳ್ಳಿ?"

"ಕೆಮ್ಮಬ್ಯಾಡ. ದಮ್ಮಯ್ಯ ಅಂತೀನಿ ಕಣೇ, ಅವ್ನು ಹೋಗಗಂಟ ಕೆಮ್ಮಬ್ಯಾಡ."

ಬಾಗಿಲು ಎಳೆದುಕೊಂಡ. ಹೊರಗಿನಿಂದ ಚಿಲಕ ಬಿತ್ತು.

ಅಂಗಳದಲ್ಲಿ ಷಡಕ್ಷರಪ್ಪ ಜಗಲಿಯ ಮೇಲೆ ಕೂತು ದನಿ ಇಳಿಸಿದ್ದ. "ಬನ್ನಿ, ಕೂತ್ಕಳಿ. ನಿಮ್ಮ ಹೆಸ್ರೇನು?"

"ಸಿದ್ಧಾರ್ಥ."

"ಸಿದ್ಧಾರ್ಥ. ಚೆನ್ನಾಗಿದೆ. ತಂದೆ ಹೆಸ್ರು?"

"ತಮ್ಮಯ್ಯ."

"ಯಾವೂರಾಯ್ತು?"

"ಮಾದಿಹಳ್ಳಿ."

"ಮಾದಿಹಳ್ಳೀಲಿ ಯಾವ ಬೀದಿ?"

ಆ ಹುಡುಗ ಕತ್ತು ತಗ್ಗಿಸಿದ. ತಗಡಿನ ಸಂದಿಗೆ ಕಣ್ಣಿಟ್ಟಿದ್ದ ಚಿಕ್ಕಮ್ಮನಿಗೆ ಕಿಟಕಿಯ ಮುಂದೆ ತಾನು ಬಗ್ಗಿ ನಿಂತಿದ್ದು ನೆನಪಾಯಿತು. ಅದೇ ತಗ್ಗಿದ ಕತ್ತು.

"ಸ್ಕೂಲ್ ಹತ್ರ," ಎಂದ ಕೊನೆಗೆ.

"ಸ್ಕೂಲಿಂದ ಮೇಲೋ, ಕೆಳಗೋ?"

"ಕೆಳಗೆ."

"ಹಂಗನ್ನು." ಷಡಕ್ಷರಪ್ಪ ಬೆನ್ನು ಗೋಡೆಗೆ ಆನಿಸಿದ. "ಅಲ್ಲೇ ನಿಂತ್ಕೋ. ಜಗಲಿ ಈಗ ತಾನೇ ತೊಳ್ದವ್ರೆ."

ಬಹುವಚನ ಅಲ್ಲಿಗೆ ಮುಗಿಯಿತು. ಸರ್ಕಾರದ ಕೆಲಸ, ಬೈಕು, ಇಸ್ತ್ರಿ ಶರಟು ಎಲ್ಲ ಒಂದೇ ಪ್ರಶ್ನೆಗೆ ಬಿಚ್ಚಿಹೋದವು. ಸಿದ್ಧಾರ್ಥ ಒಂದು ಹೆಜ್ಜೆ ಹಿಂದೆ ಸರಿದು ಅಂಗಳದಲ್ಲಿ ನಿಂತ. ಬಿಸಿಲು ನೆತ್ತಿಗೆ ಹೊಡೆಯುತ್ತಿತ್ತು.

"ನೋಡು, ನನ್ ಹೆಂಡ್ತಿ ಇಲ್ಲೇ ನಿಂತವ್ಳೆ. ಅವಳಿಗೆ ಯಾವ ಕಾಯಿಲೇನೂ ಇಲ್ಲ. ಚಿಕ್ಕಮ್ಮ ಗಿಕ್ಕಮ್ಮ ಇಲ್ಲಿ ಯಾರೂ ಇಲ್ಲ. ಲಕ್ಕಾ, ಹೇಳ್ಲಾ, ಆ ಹೆಸ್ರಿನೋಳು ಇಲ್ಲಿ ಯಾರಾದ್ರೂ ಅವ್ಳಾ?"

ಚಿಕ್ಕಮ್ಮನ ಎದೆಯೊಳಗೆ ಕೆಮ್ಮು ಏಳುತ್ತಿತ್ತು. ಸೆರಗನ್ನು ಉಂಡೆ ಮಾಡಿ ಬಾಯೊಳಗೆ ತುರುಕಿಕೊಂಡಳು. ಇನ್ನೂ ತುರುಕಿದಳು. ಗಂಟಲು ಒತ್ತಿಕೊಂಡು ಕಣ್ಣಲ್ಲಿ ನೀರು ಬಂತು. ಸಿಪ್ಪೆಯ ರಾಶಿಗೆ ಮುಖ ಒತ್ತಿ ಮಲಗಿದಳು. ಹೊರಗೆ ಗಂಡನ ದನಿ ಕೇಳಿತು.

"ಇಲ್ಲ ಬುದ್ಧಿ. ಯಾರೂ ಇಲ್ಲ."

ಎಲ್ಲ ತಡೆದುಕೊಂಡಿದ್ದ ಅವಳು ಆ ಮಾತಿಗೆ ಸತ್ತಳು. ಅವನ ಆಯಸ್ಸು ಸವೆಯದಿರಲಿ ಎಂದು ಹದಿನಾರು ವರ್ಷ ಅವನ ಹೆಸರನ್ನು ನಾಲಿಗೆಗೆ ತಂದಿರಲಿಲ್ಲ. ಅವನು ಒಂದು ಉಸಿರಿನಲ್ಲಿ ಅವಳನ್ನೇ ಇಲ್ಲ ಎನ್ನಿಸಿಬಿಟ್ಟ.

ಸಿದ್ಧಾರ್ಥ ಹೋಗುವಾಗ ಬೈಕು ಕೊಟ್ಟಿಗೆಯ ಮುಂದೆ ನಿಧಾನವಾಯಿತು. ಸಾರಿಸಿದ ನೆಲ ನೋಡಿದ. ಹಗ್ಗದ ಮೇಲೆ ಒಣಗುತ್ತಿದ್ದ ಕುಪ್ಪಸ ನೋಡಿದ. ಗೂಟಕ್ಕೆ ಸಿಕ್ಕಿಸಿದ್ದ ಆಸ್ಪತ್ರೆಯ ಡಬ್ಬಿ ನೋಡಿದ. ಚಿಲಕ ಹಾಕಿದ ಬಾಗಿಲು ನೋಡಿದ. ಆಮೇಲೆ ಬ್ಯಾಗು ತೆಗೆದು ಕಾರ್ಡಿನಲ್ಲಿ ಎರಡು ಪದ ಬರೆದು ಹೊರಟುಹೋದ.

ಚಿಲಕ ತೆಗೆದಾಗ ಷಡಕ್ಷರಪ್ಪನೇ ಮುಂದೆ ನಿಂತಿದ್ದ. ಮೂಗಿಗೆ ಟವೆಲ್ ಹಿಡಿದಿದ್ದ.

"ಕ್ಷಯದೋಳು ಸುಲಿದ ಕೊಬ್ಬರಿ ಅಂತ ಅರಸೀಕೆರೆ ಮಂಡೀಲಿ ಗೊತ್ತಾದ್ರೆ ನನ್ ಕಣ ಯಾರು ಮೂಸ್ತಾರೆ? ಇನ್ನೊಂದ್ಸಲ ಆಸ್ಪತ್ರೆ ಮೆಟ್ಲು ಹತ್ತಿದ್ರೆ ಇಬ್ರೂ ಈಚೆಗೆ. ಕಷಾಯ ಕಾಯಿಸ್ಕೊಂಡು ಕುಡ್ಕೊಂಡು ಬಿದ್ದಿರು."

"ಹಂಗಾರೆ ಸಾಯ್ತೀನಿ ಬುದ್ಧಿ."

"ಸಾಯಂಗಿದ್ರೆ ನನ್ ಹೆಸ್ರು ಬರೆಸ್ಕೊಂಡ್ ಸಾಯ್ಬ್ಯಾಡ."

ಚಿಕ್ಕಮ್ಮ ಶನಿವಾರ ಆಸ್ಪತ್ರೆಗೆ ಹೋದಳು. ಹುಲ್ಲು ತರುತ್ತೇನೆ ಎಂದು ಹೇಳಿ ಕುಡುಗೋಲು ಹಿಡಿದು ಹೊರಟವಳು ದಾರಿಯಲ್ಲಿ ಅದನ್ನು ಲಂಟಾನದ ಪೊದೆಗೆ ಎಸೆದು ಬಸ್ಸು ಹತ್ತಿದಳು. ಶಾಂತಾದೇವಿ ಕಾರ್ಡು ಹುಡುಕಿ ತೆಗೆದರು.

"ವಿಳಾಸದಲ್ಲಿ ಇಲ್ಲ ಅಂತ ಬರೆದಿದಾರಲ್ಲಮ್ಮ. ಸುಳ್ಳು ವಿಳಾಸ ಕೊಟ್ರೆ ಹೇಗೆ? ಹೋಗಿ ಸರಿಯಾದ ವಿಳಾಸ ತಗೊಂಡು ಬಾ."

"ನಾನೇ ನಿಮ್ ಮುಂದೆ ನಿಂತಿವ್ನಲ್ಲವ್ವ."

"ಇಲ್ಲಿ ನಿಂತ್ರೆ ಆಗಲ್ಲಮ್ಮ. ಅಲ್ಲಿರಬೇಕು."

ಸಿದ್ಧಾರ್ಥ ಹಿಂದಿನ ಕೋಣೆಯಲ್ಲಿ ಮಾತ್ರೆಯ ಪೆಟ್ಟಿಗೆಗಳನ್ನು ಜೋಡಿಸುತ್ತಿದ್ದ. ಒಂದೊಂದು ಪೆಟ್ಟಿಗೆಯ ಮೇಲೂ ಒಬ್ಬೊಬ್ಬರ ಹೆಸರು. ಅವಳನ್ನು ನೋಡಿ ಮುಖ ತಿರುಗಿಸಿದ. ಅವಳು ಬಾಗಿಲಿಗೇ ಹೋಗಿ ನಿಂತಳು.

"ನನ್ ಡಬ್ಬಿ ನೋಡ್ದೆ ಅಲ್ವೇನಪ್ಪ?"

ಅವನು ಇನ್ನೊಂದು ಪೆಟ್ಟಿಗೆ ಎತ್ತಿ ಜೋಡಿಸಿದ.

"ಚಿಲ್ಕಾನೂ ನೋಡ್ದೆ. ನೋಡಿ ಇಲ್ಲ ಅಂತ ಬರ್ದೆ. ಅವ್ರು ನಿನ್ನ ಬಿಸಿಲ್ನಾಗೆ ನಿಲ್ಸುದ್ರಲ್ಲ, ಅದ್ಕಾ?"

"ಅಮ್ಮಾ," ಎಂದ ಅವನು. ದನಿ ಸಣ್ಣದಾಗಿತ್ತು. "ನಂದು ಕಾಂಟ್ರ್ಯಾಕ್ಟ್ ಕೆಲಸ. ಅಲ್ಲಿ ಇದಾರೆ ಅಂತ ಒಬ್ಬರಾದ್ರೂ ಹೇಳಬೇಕು. ತೋಟದ ಯಜಮಾನರೇ ಇಲ್ಲ ಅಂದ್ರು. ನಾನೇನು ಮಾಡ್ಲಿ? ಯಾರೂ ಇಲ್ಲ ಅನ್ನಕ್ಕಾಗದ ಜಾಗ ಒಂದು ತೋರಿಸಿ. ಅವತ್ತೇ ಪೆಟ್ಟಿಗೆ ತಗೊಂಡು ಬರ್ತೀನಿ."

ಚಿಕ್ಕಮ್ಮ ಆ ಪೆಟ್ಟಿಗೆಗಳನ್ನು ನೋಡಿದಳು. ಓದಲು ಬಾರದಿದ್ದರೂ ಅದರಲ್ಲಿ ತನ್ನದಿಲ್ಲ ಎಂದು ಗೊತ್ತಿತ್ತು.

"ಗುರುವಾರ ಬಾ," ಎಂದಳು. "ತೋರುಸ್ತೀನಿ."

ತೋಟದ ಗೇಟಿನ ಎದುರಿಗೆ, ರಸ್ತೆಯ ಆಚೆ ಬದಿಯಲ್ಲಿ, ಒಂದು ಮೈಲಿಗಲ್ಲಿತ್ತು. ಅರಸೀಕೆರೆ ಇಪ್ಪತ್ತನಾಲ್ಕು ಎಂದು ಅದರ ಮೇಲೆ ಬರೆದಿತ್ತು. ಮಂಗಳವಾರ ಬೆಳಗ್ಗೆ ಚಿಕ್ಕಮ್ಮ ಸಲಾಕೆಯ ಮುಂದೆ ಕೂರಲಿಲ್ಲ. ಒಂದು ಪಾತ್ರೆ, ಒಂದು ಚಾಪೆ, ಎರಡು ಸೀರೆ, ಆ ಡಬ್ಬಿ, ಇಷ್ಟನ್ನು ಗಂಟು ಕಟ್ಟಿದಳು. ಲಕ್ಕಪ್ಪ ಅಡ್ಡ ನಿಂತ.

"ಎಲ್ಲಿಗೆ?"

"ವಿಳಾಸಕ್ಕೆ."

ಗೇಟು ದಾಟಿ, ರಸ್ತೆ ದಾಟಿ, ಕಲ್ಲಿನ ಪಕ್ಕ ಚಾಪೆ ಹಾಸಿದಳು. ಮೂರು ಕಲ್ಲು ಹೂಡಿ ಒಲೆ ಮಾಡಿದಳು. ಸೀರೆಯನ್ನು ಜಾಲಿಮರದ ಕೊಂಬೆಗೆ ಕಟ್ಟಿ ನೆರಳು ಮಾಡಿಕೊಂಡಳು. ಬೆನ್ನನ್ನು ಮೈಲಿಗಲ್ಲಿಗೆ ಒರಗಿಸಿ ಕೂತಳು. ಹೆದರಿಕೆಯಿರಲಿಲ್ಲ ಎಂದರೆ ಸುಳ್ಳು. ಎದ್ದು ಹೋಗಲು ಹಿಂದೆ ಏನೂ ಇರಲಿಲ್ಲ, ಅಷ್ಟೆ.

ಮಧ್ಯಾಹ್ನ ಷಡಕ್ಷರಪ್ಪ ಗೇಟಿಗೆ ಬಂದ.

"ಏಳೇ ಮೇಲಕ್ಕೆ. ಏನು ನಾಟ್ಕ ಇದು?"

"ನಿಮ್ ತೋಟದಾಗೆ ನಾನಿಲ್ಲ ಅಂದ್ರಲ್ಲ ಬುದ್ಧಿ. ಅದುನ್ನೇ ನಿಜ ಮಾಡೀನಿ."

"ಕಾಲ್ ಮುರ್ಸ್‌ತೀನಿ."

"ಮುರ್ಸಿ. ಇಲ್ಲೇ ಬಿದ್ದಿರ್ತೀನಿ. ಇದು ನಿಮ್ ನೆಲ ಅಲ್ಲ."

ಅಷ್ಟರಲ್ಲಿ ಹಳೇಬೀಡಿನ ಬಸ್ಸು ಬಂತು. ಅವಳನ್ನು ನೋಡಿ ಡ್ರೈವರು ಬ್ರೇಕು ಒತ್ತಿದ. ಬಸ್ಸಿನ ತುಂಬ ಮುಖಗಳು. ಷಡಕ್ಷರಪ್ಪ ಟವೆಲ್ ಕೊಡವಿಕೊಂಡು ಒಳಗೆ ಹೋದ.

ಸಂಜೆ ಲಕ್ಕಪ್ಪ ಮುತ್ತುಗದ ಎಲೆಯಲ್ಲಿ ಮುದ್ದೆ ಕಟ್ಟಿಕೊಂಡು ಬಂದ. ಗೇಟಿನ ಸರಳಿನ ನಡುವೆ ಕೈ ಚಾಚಿದ. ರಸ್ತೆಗೆ ಇಳಿಯಲಿಲ್ಲ.

"ಬಂದ್ಬುಡು ಕಣೇ. ನನ್ನೂ ಓಡುಸ್ತಾರೆ. ಎಲ್ಲಿಗೋಗಾದು?"

ಅವಳಿಗೆ ಹಸಿವಿತ್ತು. ಎದ್ದು ಹೋಗಿ ತೆಗೆದುಕೊಂಡಳು. ಅವನ ಕೈಯನ್ನು ನೋಡಿದಳು. ಸಲಾಕೆ ತಿಂದ ಕೈ, ಎರಡು ಉಗುರು ಇಲ್ಲದ ಕೈ. ಅವನೂ ಯಾವ ಪುಸ್ತಕದಲ್ಲೂ ಇಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಸಂಕಟವಾಯಿತು. ಸಿಟ್ಟು ಮಾತ್ರ ಹೋಗಲಿಲ್ಲ.

"ಚಿಲ್ಕ ಹಾಕ್ದೋನು ನೀನು ಕಣಯ್ಯ. ಮತ್ತೆ ಒಳೀಕೆ ಕರೀಬ್ಯಾಡ."

ಬುಧವಾರ ಇಬ್ಬನಿ ಬಿದ್ದು ಚಾಪೆ ನೆಂದಿತ್ತು. ಎರಡು ಸಲ ರಕ್ತ ಬಂತು. ಕೊಬ್ಬರಿ ಮೂಟೆ ತುಂಬಿದ ಟ್ರ್ಯಾಕ್ಟರ್ ಗೇಟಿನಿಂದ ಹೊರಬಿದ್ದು ಅರಸೀಕೆರೆ ಕಡೆ ತಿರುಗಿತು. ಆ ಮೂಟೆಗಳಲ್ಲಿ ಅವಳು ಸುಲಿದದ್ದೂ ಇತ್ತು. ಟ್ರೈಲರಿನ ಚಕ್ರ ಅವಳ ಒಲೆಯ ಒಂದು ಕಲ್ಲನ್ನು ಹಾರಿಸಿಕೊಂಡು ಹೋಯಿತು. ಡ್ರೈವರು ಬೇಕೆಂದೇ ಹಾಗೆ ಓಡಿಸಿದ್ದ. ಅವಳು ಹೋಗಿ ಕಲ್ಲನ್ನು ತಂದು ಮತ್ತೆ ಇಟ್ಟಳು.

ಗುರುವಾರ ಸಿದ್ಧಾರ್ಥ ಬಂದ. ಬೈಕು ನಿಲ್ಲಿಸಿ ಚಾಪೆ, ಒಲೆ, ಕಲ್ಲು, ಎಲ್ಲವನ್ನೂ ನೋಡಿದ. ಗೇಟಿನೊಳಗೆ ಷಡಕ್ಷರಪ್ಪ ಜಗಲಿಯಿಂದ ಎದ್ದು ಕಣಕ್ಕೆ ಬಂದ. ಲಕ್ಕಪ್ಪ ಸಲಾಕೆ ಬಿಟ್ಟು ಗೇಟಿನ ಹತ್ತಿರ ನಿಂತಿದ್ದ.

"ಬಾಪ್ಪ," ಎಂದಳು ಚಿಕ್ಕಮ್ಮ. "ಇದೇ ನನ್ನ ಜಾಗ. ಬರ್ಕೋ."

"ಮೈಲಿಗಲ್ಲಿನ ಹತ್ರ ಅಂತ ಹೆಂಗಮ್ಮ ಬರೀಲಿ? ಮನೆ ಬೇಕು."

"ಯಾಕೆ? ಆ ಕಲ್ಲು ಎದ್ದು ಎಲ್ಲಿಗಾರ ಹೋಯ್ತದಾ? ನಾಳೀಕೆ ಯಾರಾರ ಬಂದು ಇದು ಇಲ್ಲ ಅನ್ನಾಕೆ ಆಯ್ತದಾ?"

ಸಿದ್ಧಾರ್ಥ ಕುಕ್ಕುರುಗಾಲಿನಲ್ಲಿ ಕೂತ. ಬ್ಯಾಗಿನಿಂದ ಹೊಸ ಕಾರ್ಡು ತೆಗೆದ. ಅವಳ ಎತ್ತರಕ್ಕೆ ಬಂದು ಕೇಳಿದ ಮೊದಲ ಮನುಷ್ಯ ಅವನೇ.

"ಹೆಸರು ಚಿಕ್ಕಮ್ಮ. ವಯಸ್ಸು?"

"ಐವತ್ತು ಬರ್ದವ್ರಂತೆ. ಅದುನ್ನ ಹೊಡ್ದಾಕು. ನಮ್ಮವ್ವ ಸತ್ತ ವರ್ಷ ನಾನು ನೆರೆದೆ. ಅದಾಗಿ ಒಂದು ಇಪ್ಪತ್ತು, ಮೇಲೆ ಎರಡು ವರ್ಷ. ನೀನೇ ಲೆಕ್ಕ ಹಾಕು."

ಅವನು ಹದಿನಾಲ್ಕಕ್ಕೆ ಇಪ್ಪತ್ತೆರಡು ಕೂಡಿಸಿ ಮೂವತ್ತಾರು ಎಂದು ಬರೆದ. "ವಿಳಾಸ, ಅರಸೀಕೆರೆ ಇಪ್ಪತ್ತನಾಲ್ಕನೇ ಕಲ್ಲು, ಜಾವಗಲ್ ರಸ್ತೆ." ಬರೆಯುವಾಗ ಓದಿ ಹೇಳಿದ. "ಗಂಡನ ಹೆಸರು?"

ಚಿಕ್ಕಮ್ಮ ತಲೆಯೆತ್ತಿದಳು. ಗೇಟಿನ ಸರಳು ಹಿಡಿದವನನ್ನು ನೋಡಿದಳು. ಗಟ್ಟಿಯಾಗಿ, ಕಣಕ್ಕೆ ಕೇಳುವ ಹಾಗೆ ಹೇಳಿದಳು.

"ಲಕ್ಕಪ್ಪ."

ಅವನು ಬೆಚ್ಚಿದ. ಹದಿನಾರು ವರ್ಷದಲ್ಲಿ ಅವಳ ಬಾಯಿಂದ ತನ್ನ ಹೆಸರು ಕೇಳಿದ್ದು ಅದೇ ಮೊದಲು. ಅವನ ಕೈ ಗೇಟಿನ ಅಗಳಿಗೆ ಹೋಯಿತು. "ಲಕ್ಕಾ," ಎಂದು ಹಿಂದಿನಿಂದ ಷಡಕ್ಷರಪ್ಪ ಕೂಗಿದ. ಕೈ ಅಗಳಿಯ ಮೇಲೇ ನಿಂತಿತು.

"ಇನ್ನೊಂದಿದೆ," ಎಂದ ಸಿದ್ಧಾರ್ಥ. "ಗುರುತಿನವರು. ನೀವು ಇಲ್ಲೇ ಇರೋದು ನಿಜ ಅಂತ ಹೇಳೋರು ಒಬ್ಬರು ಬೇಕು."

ಚಿಕ್ಕಮ್ಮ ಮತ್ತೆ ಗೇಟು ನೋಡಿದಳು. ಕಾದಳು. ಒಂದು ಲಾರಿ ಹೋಯಿತು. ದೂಳು ಕೂತಿತು. ಗೇಟು ತೆರೆಯಲಿಲ್ಲ.

"ಖಾಲಿ ಬುಡು," ಎಂದಳು.

"ಖಾಲಿ ಬಿಟ್ರೆ ಕಾರ್ಡು ವಾಪಸ್ ಕಳಿಸ್ತಾರೆ."

ಸಿದ್ಧಾರ್ಥ ಎದ್ದು ನಿಂತ. ಗೇಟಿನ ಕಡೆ ತಿರುಗಿ, ಒಂದೊಂದೇ ಮಾತನ್ನು ಬಿಡಿಸಿ ಹೇಳುತ್ತ ಬರೆದ.

"ಗುರುತಿನವರು, ಸಿದ್ಧಾರ್ಥ. ತಂದೆ ತಮ್ಮಯ್ಯ. ಮಾದಿಹಳ್ಳಿ." ಉಸಿರು ಎಳೆದುಕೊಂಡ. "ಸ್ಕೂಲಿನ ಕೆಳಗೆ. ಹೊಲಗೇರಿ."

ಷಡಕ್ಷರಪ್ಪ ಬೆನ್ನು ತಿರುಗಿಸಿ ಜಗಲಿಗೆ ಹೋದ.

ಪೆಟ್ಟಿಗೆ ಹೊರಬಂತು. ಅದರ ಮೇಲೆ ದಪ್ಪ ಅಕ್ಷರದಲ್ಲಿ ಅವಳ ಹೆಸರು. ಏಳು ಮಾತ್ರೆ. ದಿನ ಬಿಟ್ಟು ದಿನ, ಅವನ ಕಣ್ಣ ಮುಂದೆಯೇ ನುಂಗಬೇಕು. ಅವನು ತನ್ನ ನೀರಿನ ಬಾಟಲಿ ಕೊಟ್ಟ. ಅವಳು ಅಂಗೈಗೆ ಹುಯ್ಯಿಸಿಕೊಳ್ಳಲು ಕೈ ಒಡ್ಡಿದಳು. ಅವನು ಬಾಟಲಿಯನ್ನೇ ಕೈಗಿಟ್ಟ. ಕಚ್ಚಿಯೇ ಕುಡಿದಳು. ಒಂದೊಂದು ಮಾತ್ರೆಯೂ ಗಂಟಲಲ್ಲಿ ನಿಂತು ನಿಂತು ಇಳಿಯಿತು.

ಏಳನೆಯದು ಇಳಿದ ಮೇಲೆ ಕೆಮ್ಮು ಬಂತು. ಹೊಲದ ಕಡೆ ಮುಖ ತಿರುಗಿಸಿ, ಸೆರಗು ಬಾಯಿಗೆ ತುರುಕದೆ, ಎದೆಯಲ್ಲಿದ್ದಷ್ಟೂ ಕೆಮ್ಮಿದಳು. ಅವತ್ತು ಸಿಪ್ಪೆಯ ರಾಶಿಯಲ್ಲಿ ಒತ್ತಿಟ್ಟುಕೊಂಡದ್ದೂ ಅದರಲ್ಲಿ ಸೇರಿತ್ತು. ಆಮೇಲೆ ತಿರುಗಿ ಕೂತು, ಬೆನ್ನು ಕಲ್ಲಿಗೆ ಕೊಟ್ಟು, ಮುಚ್ಚಿದ ಗೇಟಿನ ಕಡೆ ನೋಡಿ ಕೂಗಿದಳು.

"ನಾಡಿದ್ದು ಮತ್ತೆ ಬತ್ತಾರೆ. ಆರ್ ತಿಂಗ್ಳು ಬತ್ತಾರೆ. ಯಾರ್ ಬೇಕಾರೂ ಬಂದು ಕೇಳ್ಲಿ, ಚಿಕ್ಕಮ್ಮ ಇಲ್ಲೇ ಅವ್ಳೆ."